ಕೆಂಪು ಭರಣಿಯ ಬಿಳಿ ಗೆರೆ

ನನ್ನ ಮರಳಿನ ಪೆಟ್ಟಿಗೆ ಮಾಡಿಕೊಟ್ಟ ಬಡಗಿ ಮೊದಲು ಕೇಳಿದ್ದು, "ಇದ್ರಲ್ಲಿ ಏನ್ ಒಣಗಾಕ್ತೀರಿ, ಮೆಣಸಿನಕಾಯಾ, ಸಂಡಿಗೆನಾ?" ಅಂತ. ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ನಾಲ್ಕು ಬೆರಳು ಆಳ. ತಳಕ್ಕೆ ಒಳಗಡೆಯಿಂದ ನೀಲಿ ಬಣ್ಣ ಹೊಡೆಯಿರಿ ಅಂದಾಗ ಅವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡಿದರು. "ಮರಳು ತುಂಬ್ತೀನಿ ಅಂತೀರಿ. ತುಂಬಿದ್ ಮ್ಯಾಕೆ ನೀಲಿ ಯಾರ್ಗೆ ಕಾಣ್ತದೆ?" ಅಂದರು. "ಮರಳು ಸರಿಸಿದವರಿಗೆ ಕಾಣ್ತದೆ" ಅಂದೆ. ಆಗ ನನಗೆ ಮೂವತ್ನಾಲ್ಕು ವರ್ಷ. ಯಾವ ಪ್ರಶ್ನೆಗಾದರೂ ಥಟ್ಟನೆ ಉತ್ತರ ಕೊಟ್ಟುಬಿಡುವ ಚಾಳಿ. ಈಗಲೂ ಪೂರ್ತಿ ಹೋಗಿಲ್ಲ.

ಆ ಪೆಟ್ಟಿಗೆ ಇಟ್ಟದ್ದು ಚನ್ನಪಟ್ಟಣದಲ್ಲಿ, ಹೆದ್ದಾರಿಯಿಂದ ಎರಡು ಬೀದಿ ಒಳಗಿದ್ದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ರಾಮನಗರದ ನಮ್ಮ ಮನೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸಾಗುತ್ತಿದ್ದೆ. ಗಿರಣಿ ಶುರುವಾದರೆ ಕೋಣೆಯ ನೆಲ ನಡುಗಿ, ಪೆಟ್ಟಿಗೆಯಲ್ಲಿ ಯಾರೋ ಕಷ್ಟಪಟ್ಟು ಮಾಡಿದ ಮರಳಿನ ದಿಬ್ಬ ಸಣ್ಣಗೆ ಕುಸಿಯುತ್ತಿತ್ತು. ಗಿರಣಿಯವರ ಜೊತೆ ಜಗಳವಾಡಿ, ಮಂಗಳವಾರ ಮತ್ತು ಗುರುವಾರ ಹನ್ನೊಂದರಿಂದ ಒಂದು ಗಂಟೆವರೆಗೆ ರಾಗಿ ಬೀಸಬಾರದು ಎಂದು ಒಪ್ಪಿಸಿದೆ. "ಮರಳಾಟದ್ ಮೇಡಮ್ಮ ಬಂದವ್ರೆ, ಮೋಟ್ರು ಆರಿಸ್ರಪ್ಪೋ" ಎಂದು ಅವರು ಕೆಳಗೆ ಕೂಗುವುದು ನನಗೆ ಮೇಲೆ ಕೇಳುತ್ತಿತ್ತು. ಹಾಗೆ ನಾನು ಇಡೀ ಬೀದಿಗೆ ಮರಳಾಟದ ಮೇಡಂ ಆದೆ.

ಈ ಮರಳಾಟವನ್ನು ಬೆಂಗಳೂರಿನಲ್ಲಿ ಎರಡು ವರ್ಷ ಕಲಿತು ಬಂದಿದ್ದೆ. ಮನಸ್ಸು ನೊಂದು ಬಂದವರನ್ನು ಕೂರಿಸಿ ಏನಾಯಿತು ಹೇಳಿ ಎಂದು ಕೇಳುವುದಿಲ್ಲ. ಮುಂದೆ ಮರಳಿರುತ್ತದೆ. ಪಕ್ಕದ ಕಪಾಟಿನಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಗೊಂಬೆ ಮನುಷ್ಯರು, ಪ್ರಾಣಿಗಳು, ಮನೆ, ಮರ, ಗಾಡಿ, ಕಲ್ಲು, ಕವಡೆ ಎಲ್ಲ ಇರುತ್ತವೆ. ಬಂದವರು ತಮಗೆ ಬೇಕಾದ್ದನ್ನು ಎತ್ತಿ ಮರಳಿನಲ್ಲಿ ಇಡುತ್ತಾರೆ, ಹೂಳುತ್ತಾರೆ, ಕೆಡವುತ್ತಾರೆ. ಮರಳು ಸರಿಸಿದರೆ ತಳದ ನೀಲಿ ಕಂಡು ಹೊಳೆಯೋ ಕೆರೆಯೋ ಆಗುತ್ತದೆ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಅವರು ಹೋದ ಮೇಲೆ ಒಂದು ಫೋಟೋ ತೆಗೆದು, ಎಲ್ಲವನ್ನೂ ಕಪಾಟಿಗೆ ಸೇರಿಸಿ, ಮರಳನ್ನು ಸಮ ಮಾಡುತ್ತೇನೆ. ನನಗೆ ಎರಡೇ ನಿಯಮ. ಇಟ್ಟದ್ದರ ಅರ್ಥವೇನು ಎಂದು ಕೇಳಬಾರದು. ಕಪಾಟಿನ ಯಾವ ವಸ್ತುವೂ ಕೋಣೆಯಿಂದ ಹೊರಗೆ ಹೋಗಬಾರದು.

ಇದು ನಮ್ಮ ಸೀಮೆಯ ಜನರಿಗೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ನಮ್ಮವರೇನು ಮಾತು ಬಾರದವರಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದವರ ಜೊತೆ ರಾಮನಗರದಿಂದ ಕನಕಪುರದವರೆಗೂ ಜಗಳವಾಡಿಕೊಂಡು ಹೋಗಬಲ್ಲರು. ಆದರೆ ಎದೆಯೊಳಗಿನ ವಿಷಯ ಬಂತೆಂದರೆ "ಏನಿಲ್ಲ ಬುಡಿ, ಗ್ಯಾಸ್ಟ್ರಿಕ್ಕು" ಅಂದುಬಿಡುತ್ತಾರೆ. ಹಾಗೆ ಅಂದುಕೊಂಡೇ ಬಂದವರು ಹತ್ತು ನಿಮಿಷದಲ್ಲಿ ಮರಳಿಗೆ ಕೈ ಹಾಕಿ, ಅರ್ಧ ಗಂಟೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾಗಡಿಯ ಒಬ್ಬ ಮೇಷ್ಟ್ರು ಮರಳಿನಲ್ಲಿ ಬೆರಳಿನಿಂದ ದಾರಿ ಬಿಡಿಸುತ್ತ ಬಿಡಿಸುತ್ತ ಇಡೀ ಒಂದು ಬೇಸಿಗೆ ಕಳೆದರು, ಆಮೇಲೆ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಹೇಳಿ ಒಂದು ಚೀಲ ಅವರೆಕಾಯಿ ಕೊಟ್ಟು ಹೋದರು. ಕೆಲಸದ ಮೇಲೆ ನನಗೆ ನಂಬಿಕೆ ಇತ್ತು. ನನ್ನ ಮೇಲೆ ಸ್ವಲ್ಪ ಹೆಚ್ಚೇ ಇತ್ತು.

ಮರಳು ತಮ್ಮನ ಮನೆ ಕಟ್ಟಲು ಬಂದು ಬಿದ್ದಿದ್ದ ಗುಡ್ಡೆಯದು. ಅಮ್ಮನ ರಾಗಿಹಿಟ್ಟಿನ ಜರಡಿಯಲ್ಲಿ ಜಾಲಿಸಿದೆನೆಂದು ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಪಾಟಿನ ಸಾಮಾನು ಬಂದದ್ದು ಕೋಣೆ ಗುಡಿಸಲು ಬರುತ್ತಿದ್ದ ಆಯಾ ಕಡೆಯಿಂದ. ಕೋಡಿಹಳ್ಳಿ ಕಡೆಯ ಒಕ್ಕಲು ಮನೆಯಿಂದ ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದವರು. ಹದಿನಾರು ವರ್ಷ ಗೊಂಬೆ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿದು, ಮಂಡಿ ನೋವು ಬಂದ ಮೇಲೆ ನನ್ನ ಹತ್ತಿರ ಸೇರಿದ್ದರು. ಆ ಶೆಡ್ಡಿನವರನ್ನು ಕೇಳಿ ಅವರು ಒಂದು ಗೋಣಿ ತುಂಬ ಸೆಕೆಂಡ್ಸ್ ಮಾಲು ತಂದುಕೊಟ್ಟರು. ಸೆಕೆಂಡ್ಸ್ ಎಂದರೆ ಆರಿಸುವಾಗ ತೆಗೆದು ಬಿಸಾಕಿದ್ದು. ಒಂದು ಚಕ್ರ ಸಣ್ಣದಾದ ಗಾಡಿ, ಕತ್ತು ಸೊಟ್ಟಗಿದ್ದ ಗೊಂಬೆ, ಎಲ್ಲೋ ಒಂದು ಕಡೆ ಬಣ್ಣ ಹಿಡಿಯದ ಕುಂಕುಮ ಭರಣಿ. ನನಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಬಂದವರು ಕತ್ತು ಸೊಟ್ಟಗಿರುವ ಗೊಂಬೆಯನ್ನೇ ಹೆಚ್ಚಾಗಿ ಎತ್ತಿಕೊಳ್ಳುತ್ತಿದ್ದರು.

ಒಂದು ಮಂಗಳವಾರ ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ತನ್ನ ತಂದೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಅವರಿಗೆ ಐವತ್ತೆಂಟು ವರ್ಷವಂತೆ. ಎತ್ತರದ ಆಳು, ಬಿಳಿ ಗಡ್ಡ, ಮುಂಗೈ ತುಂಬ ಉಳಿ ತಾಗಿದ ಹಳೆಯ ಗಾಯಗಳು. ಮಗಳು ಅವರನ್ನು ಒಳಗೆ ಕೂರಿಸಿ ಹೊರಗೆ ನನ್ನ ಹತ್ತಿರ ಬಂದು ಮಾತಾಡಿದಳು.

"ಅಮ್ಮಿ ಹೋಗಿ ಐದು ತಿಂಗಳಾಯ್ತು ಮೇಡಂ. ಮಧ್ಯಾಹ್ನ ಜ್ವರ ಅಂತ ಮಲಗಿದೋರು ಮಾರನೇ ದಿನ ಬೆಂಗಳೂರಿನ ಆಸ್ಪತ್ರೇಲಿ ಹೋಗ್ಬಿಟ್ರು. ಅವತ್ತಿಂದ ಅಬ್ಬಾ ಮಾತೇ ಆಡ್ತಿಲ್ಲ. ಊಟ ಕೊಟ್ರೆ ತಿಂತಾರೆ. ನಮಾಜಿಗೆ ಹೋಗಿ ಬರ್ತಾರೆ. ಲೇತ್ ಮಾತ್ರ ಮುಟ್ಟಿಲ್ಲ."

ಅವರು ನಲವತ್ತು ವರ್ಷದಿಂದ ಲೇತಿನಲ್ಲಿ ಮರ ಕಡೆದು ಗೊಂಬೆ ಮಾಡುವವರು. ಗಂಡ ಹೆಂಡತಿ ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರಂತೆ. ಶೆಡ್ಡು ಅಣ್ಣತಮ್ಮಂದಿರಿಗೆ ಸೇರಿದ್ದು.

"ದೊಡ್ಡಪ್ಪನ ಮಕ್ಕಳು ಹಬ್ಬದ ತನಕ ನೋಡ್ತೀವಿ ಅಂದಿದ್ದಾರೆ" ಎಂದಳು. "ರಂಜಾನ್ ಮುಗಿಯೋದ್ರೊಳಗೆ ಅಬ್ಬಾ ಕೆಲಸಕ್ಕೆ ಕೂರ್ಲಿಲ್ಲ ಅಂದ್ರೆ ಲೇತ್ ಕಿತ್ತು ಯಾರಿಗಾದ್ರೂ ಕೊಟ್ಬಿಟ್ಟು ಅಲ್ಲಿ ಬೇಕರಿ ಇಡ್ತಾರಂತೆ. ಲೇತ್ ಹೋದ್ರೆ ಅಬ್ಬಾನೂ ಹೋದಂಗೆ ಮೇಡಂ. ನಂಗೊತ್ತು."

ಹಬ್ಬಕ್ಕೆ ಎರಡು ತಿಂಗಳ ಮೇಲಿತ್ತು. ಸಾಕಷ್ಟು ಸಮಯ ಎಂದುಕೊಂಡೆ. ನಾನು ಅವಳನ್ನು ಇನ್ನೇನೂ ಕೇಳಲಿಲ್ಲ. ಬೇರೆಯವರು ಹತ್ತು ಪುಟದ ಪ್ರಶ್ನೆ ಕೇಳಿ ತಿಳಿಯುವುದನ್ನು ಮರಳು ತಾನೇ ಹೇಳುತ್ತದೆ, ಕೇಳದೆ ಇರುವುದೇ ನನ್ನ ಕಸುಬು ಎಂಬ ಹೆಮ್ಮೆ ನನಗಿತ್ತು. ಅವರು ಶೆಡ್ಡಿನಲ್ಲಿ ಏನು ಮಾಡುತ್ತಿದ್ದರು, ಅವರ ಹೆಂಡತಿ ಏನು ಮಾಡುತ್ತಿದ್ದರು ಎಂದು ಎರಡು ಮಾತು ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಮೊದಲ ದಿನ ಸಾಹೇಬರು ಮರಳಿನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ಕಪಾಟಿನ ಮುಂದೆ ನಿಂತರು. ಒಂದು ಗಾಡಿ ಎತ್ತಿ, ತಲೆಕೆಳಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒಂದು ಸುತ್ತು ಸವರಿದರು. ಅದನ್ನು ತಂದು ಪೆಟ್ಟಿಗೆಯ ಎಡಗಡೆ ಇಟ್ಟರು. ಆಮೇಲೆ ಒಂದು ಬುಗುರಿ, ಅದೂ ಎಡಕ್ಕೆ. ಒಂದು ಮೊಲ ಬಲಕ್ಕೆ. ಒಂದು ಗಂಟೆಯಲ್ಲಿ ಎಡಗಡೆ ದೊಡ್ಡ ಗುಂಪು, ಬಲಗಡೆ ಮೂರೋ ನಾಲ್ಕೋ, ನಡುವೆ ಖಾಲಿ ಮರಳು. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಹೊರಡುವಾಗ ನನಗೆ ಸಲಾಂ ಮಾಡಿ ಇಳಿದು ಹೋದರು.

ನಾನು ಫೋಟೋ ತೆಗೆದು ಪುಸ್ತಕದಲ್ಲಿ ಬರೆಯಲು ಕೂತೆ. ಬರೆದದ್ದು ಒಂದೂವರೆ ಪುಟ. ಇಬ್ಭಾಗವಾದ ಲೋಕ. ಎಡಕ್ಕೆ ಸತ್ತವರ ಗುಂಪು, ಬಲಕ್ಕೆ ಬದುಕಿ ಉಳಿದ ಕೆಲವರು. ನಡುವಿನ ಖಾಲಿ ಮರಳು ದಾಟಲಾಗದ ಹೊಳೆ. ಎರಡನೇ ವಾರವೂ ಅವರು ಹಾಗೇ ಮಾಡಿದರು, ಮೂರನೇ ವಾರವೂ ಹಾಗೇ. ನಾನೂ ಮತ್ತೆ ಮತ್ತೆ ಬರೆದೆ. ನನಗೆ ಕಲಿಸಿದ ಬೆಂಗಳೂರಿನ ಮೇಡಂಗೆ ಫೋನಿನಲ್ಲಿ ಇದನ್ನೆಲ್ಲ ಓದಿಯೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇರಬಹುದು. ಇನ್ನೂ ಸ್ವಲ್ಪ ನೋಡು" ಎಂದಷ್ಟೇ ಅಂದರು. ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ನಾಲ್ಕನೇ ಮಂಗಳವಾರ ಅವರು ಇಳಿದು ಹೋದ ಮೇಲೆ ನಾನು ಕ್ಯಾಮೆರಾಗೆ ರೀಲು ಹಾಕುತ್ತಿದ್ದೆ. ಆಯಾ ಪೊರಕೆ ಹಿಡಿದು ಒಳಗೆ ಬಂದರು. ಫೋಟೋ ತೆಗೆಯುವ ತನಕ ಏನನ್ನೂ ಮುಟ್ಟಬಾರದು ಎಂದು ಹೇಳಿಟ್ಟಿದ್ದೆ. ಅವರು ಮುಟ್ಟಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಪೆಟ್ಟಿಗೆಯನ್ನು ನೋಡುತ್ತ ನಿಂತರು. ಆಮೇಲೆ ಒಬ್ಬರೇ ನಕ್ಕರು.

"ಏನಮ್ಮ ನಗು?"

"ಅಲ್ಲ ಕಣ್ರವ್ವ, ಸಾಹೇಬ್ರು ಎಷ್ಟು ಚೆನ್ನಾಗಿ ಮಾಲು ಆರ್ಸವ್ರೆ ನೋಡಿ. ಇತ್ಲಾಗೆ ಫಸ್ಟು, ಅತ್ಲಾಗೆ ಸೆಕೆಂಡ್ಸು. ಈ ಮೊಲ ಒಂದು ಗೋಣ್ಯಾಗೆ ತಪ್ಪಿ ಬಂದಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು."

ನನ್ನ ಕೈಯಲ್ಲಿದ್ದ ರೀಲು ಅಲ್ಲೇ ನಿಂತಿತು.

"ಅವರು ಮಾಲು ಆರಿಸ್ತಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು?"

"ಯಾರ್ಯಾಕ್ ಹೇಳ್ಬೇಕು? ನಾನು ಹದ್ನಾರು ವರ್ಷ ಇದೇ ಅಲ್ವ್ರಾ ಮಾಡಿದ್ದು? ಬುಡ ನೋಡೋದು, ಬೆಳಕಿಗೆ ಹಿಡಿಯೋದು, ಹೆಬ್ಬೆಟ್ಟಲ್ಲಿ ಸವರೋದು. ನೀವು ಒಸಿ ಹತ್ರ ಕೂತ್ಕಂಡು ನೋಡ್ಬೇಕಿತ್ತು."

ಸಿಟ್ಟು ನೆತ್ತಿಗೇರಿತು. ಅವರ ಮೇಲೆ ರೇಗಿಬಿಟ್ಟೆ. ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ, ಗುಡಿಸಿ ಹೋಗಿ ಎಂದೆ. ಅವರು ಗುಡಿಸಿ ಹೋದರು. ಸಂಜೆ ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗ ಸಿಟ್ಟು ಇಳಿದು ನಾಚಿಕೆ ಶುರುವಾಯಿತು. ನಮ್ಮಪ್ಪ ರೇಷ್ಮೆಗೂಡು ವ್ಯಾಪಾರ ಮಾಡಿಯೇ ನಮ್ಮನ್ನು ಓದಿಸಿದವರು. ಮಾರ್ಕೆಟ್ಟಿಗೆ ಹೊರಡುವ ಮುಂಚೆ ಜಗುಲಿಯ ಮೇಲೆ ಗೂಡು ಸುರಿದುಕೊಂಡು, ಜಳ್ಳನ್ನು ಒಂದು ಕಡೆ, ಗಟ್ಟಿಯನ್ನು ಒಂದು ಕಡೆ ಮಾಡುತ್ತಿದ್ದುದನ್ನು ದಿನಾ ನೋಡುತ್ತ ಬೆಳೆದ ನನಗೆ, ಒಬ್ಬ ಕಸುಬುದಾರ ತನ್ನ ಕಣ್ಣೆದುರಿಗಿದ್ದ ಮಾಲನ್ನು ಆರಿಸುತ್ತಿರುವುದು ಗೊತ್ತಾಗಲಿಲ್ಲ. ಸತ್ತವರ ಗುಂಪಂತೆ, ದಾಟಲಾಗದ ಹೊಳೆಯಂತೆ. ಆ ಒಂದೂವರೆ ಪುಟವನ್ನು ನಾನು ಹರಿದು ಹಾಕಿಲ್ಲ. ಹೊಸದಾಗಿ ಕೆಲಸ ಕಲಿಯಲು ಬರುವವರಿಗೆ ಇವತ್ತಿಗೂ ಅದನ್ನು ಓದಿಸುತ್ತೇನೆ.

ಮುಂದಿನ ಸಲ ಬಂದಾಗ ಮೊದಲು ಆಯಾಗೆ ತಪ್ಪಾಯಿತು ಎಂದು ಹೇಳಿದೆ. "ಬುಡಿ ಅತ್ಲಾಗೆ, ಬೋಣಿ ಹೊತ್ನಲ್ಲಿ ಅದೆಲ್ಲ ಯಾಕೆ" ಅಂದರು. ನಾನು ಕುರ್ಚಿಯನ್ನು ಹೊರಗೆ ಹಾಕಿ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂರುವುದನ್ನು ಶುರು ಮಾಡಿದೆ. ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಆದರೆ ಧೈರ್ಯ ಕೆಡಲಿಲ್ಲ. ಐದು ತಿಂಗಳಿಂದ ಕೆಲಸ ಮುಟ್ಟದ ಕೈ ನನ್ನ ಕೋಣೆಯಲ್ಲಿ ಕೆಲಸ ಮಾಡುತ್ತಿತ್ತಲ್ಲ. ನಾನು ಓದಿದ್ದು ತಪ್ಪಾಗಿರಬಹುದು, ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿತ್ತು.

ಆರನೇ ವಾರ ಅವರು ಕಪಾಟಿನ ಕೆಳಗಿನ ಸಾಲಿಗೆ ಬಂದರು. ಅಲ್ಲಿ ಆರೇಳು ಕುಂಕುಮ ಭರಣಿಗಳಿದ್ದವು, ಮುಚ್ಚಳ ಇರುವ ಪುಟ್ಟ ಡಬ್ಬಿಗಳು. ಭರಣಿಯನ್ನು ಅವರು ಕಣ್ಣಿನಿಂದಲ್ಲ, ಕಿವಿಯಿಂದ ನೋಡುತ್ತಿದ್ದರು. ಮುಚ್ಚಳ ತೆಗೆದು ಮತ್ತೆ ಹಾಕಿದರೆ ಟಕ್ ಎಂದು ಕೂರಬೇಕು. ಒಂದನೆಯದು ಸಡಿಲ, ಎಡಕ್ಕೆ ಹೋಯಿತು. ಎರಡನೆಯದು ಬಿಗಿ, ಅದೂ ಎಡಕ್ಕೆ. ಮೂರನೆಯದು ಕೆಂಪು ಭರಣಿ. ಅದರ ಮುಚ್ಚಳ ಟಕ್ ಎಂದಿತು. ಅವರು ಅದನ್ನು ತಲೆಕೆಳಗು ಮಾಡಿ ಬುಡದ ಹತ್ತಿರ ಹೆಬ್ಬೆರಳಿನಿಂದ ಸವರಿದರು. ಹೆಬ್ಬೆರಳು ಅಲ್ಲೇ ನಿಂತಿತು.

ಆಮೇಲೆ ಬಂದು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತರು. ಮುಚ್ಚಳ ತೆಗೆದು, ಮೊಟ್ಟಮೊದಲ ಬಾರಿಗೆ ಮರಳಿಗೆ ಕೈ ಹಾಕಿದರು. ಮೂರು ಬೆರಳಿನ ತುದಿಯಲ್ಲಿ ಒಂದೊಂದು ಚಿಟಿಕೆ ಮರಳು ಎತ್ತಿ ಭರಣಿಗೆ ತುಂಬಿದರು, ಕಂಠದವರೆಗೆ. ಮುಚ್ಚಳ ಹಾಕಿದರು. ಟಕ್ ಎಂದಿತು. ಭರಣಿಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು ಎದ್ದರು.

ಆಗ ನನ್ನ ಬಾಯಿಂದ ನಿಯಮ ಹೊರಬಿತ್ತು. "ಸಾಹೇಬ್ರೇ, ಇಲ್ಲಿನ ಸಾಮಾನು ಹೊರಗೆ ತಗೊಂಡು ಹೋಗೋ ಹಾಗಿಲ್ಲ. ಅಲ್ಲೇ ಇಟ್ಟುಬಿಡಿ."

ಅವರು ನನ್ನನ್ನು ನೋಡಿದರು. ಜೇಬಿಗೆ ಕೈ ಹಾಕಿ ಭರಣಿ ತೆಗೆದು, ಪೆಟ್ಟಿಗೆಯ ಬಲಗಡೆ, ಆ ಮೊಲದ ಪಕ್ಕ ಇಟ್ಟರು. ಸಲಾಂ ಮಾಡದೆ ಇಳಿದು ಹೋದರು.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ರಂಜಾನ್ ಶುರುವಾಗಿ ಎರಡು ವಾರವಾಗಿತ್ತು. ಹನ್ನೊಂದು ಗಂಟೆಗೆ ಗಿರಣಿಯವರು ನನ್ನ ಸಲುವಾಗಿ ಮೋಟಾರು ಆರಿಸುತ್ತಿದ್ದರು. ನಾನು ಖಾಲಿ ಕೋಣೆಯಲ್ಲಿ ಆ ಭರಣಿ ಹಿಡಿದುಕೊಂಡು ಕೂರುತ್ತಿದ್ದೆ. ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ, ಕೂದಲೆಳೆಯಷ್ಟು ಅಗಲದ ಒಂದು ಗೆರೆಯಲ್ಲಿ ಬಣ್ಣ ಇರಲಿಲ್ಲ. ಬಿಳಿಯ ಮರ ಹಾಗೇ ಕಾಣುತ್ತಿತ್ತು. ಒಳಗಿನ ಮರಳನ್ನು ಮಾತ್ರ ನಾನು ಚೆಲ್ಲಿರಲಿಲ್ಲ.

ಮೂರನೇ ವಾರ ಮಗಳೊಬ್ಬಳೇ ಬಂದಳು. ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಲು ಬಂದಿದ್ದಳು. ಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ಬೇಕರಿಯ ಒಲೆ ಕಟ್ಟುವವರು ಶೆಡ್ಡಿಗೆ ಬಂದು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದರಂತೆ. ನಾನು ಈ ಸಲ ಕಸುಬನ್ನು ಪಕ್ಕಕ್ಕಿಟ್ಟು ಬಾಯಿ ಬಿಟ್ಟು ಕೇಳಿದೆ. "ನಿಮ್ಮಮ್ಮ ಶೆಡ್ಡಿನಲ್ಲಿ ಏನು ಕೆಲಸ ಮಾಡ್ತಿದ್ರಮ್ಮ?" ಎಂದು, ಭರಣಿಯನ್ನು ಅವಳ ಕೈಗಿಟ್ಟೆ.

ಅವಳು ಅದನ್ನು ನೋಡಿದ್ದೇ ಬುಡವನ್ನು ಮೇಲೆ ಮಾಡಿದಳು. ಕಣ್ಣು ತುಂಬಿ ಬಂದವು.

"ಇದು ಅಮ್ಮಿ ಬಣ್ಣ" ಎಂದಳು. "ಅಬ್ಬಾ ಕಡೆದು ಬಿಳಿ ಮಾಲು ಇಡ್ತಿದ್ರು. ಅಮ್ಮಿ ಅದನ್ನ ಮತ್ತೆ ಲೇತಿಗೆ ಸಿಕ್ಕಿಸಿ, ಮರ ತಿರುಗೋವಾಗ ಅರಗಿನ ಕಡ್ಡಿ ಒತ್ತಿ ಬಣ್ಣ ಹಾಕ್ತಿದ್ರು. ಎಷ್ಟು ಚೆನ್ನಾಗಿ ಹಾಕಿದ್ರೂ ಬುಡದ ಹತ್ರ ಒಂದು ಗೆರೆ ಬಿಡೋರು. ಅಬ್ಬಾಗೆ ಇದಕ್ಕೇ ಸಿಟ್ಟು. ಕಂಪ್ನಿಯೋರು ಸೆಕೆಂಡ್ಸ್ ಅಂತ ತೆಗೀತಾರೆ, ಎಷ್ಟು ಸಲ ಹೇಳ್ಬೇಕು ನಿಂಗೆ ಅಂತ ಬೈತಿದ್ರು. ಅಬ್ಬಾನೇ ಆರಿಸಿ ಸೆಕೆಂಡ್ಸ್ ಗೋಣಿಗೆ ಎಸೀತಿದ್ರು. ಆ ಗೋಣಿನೂ ಪ್ಯಾಕ್ ಮಾಡೋ ಶೆಡ್ಡಿಗೇ ಹೋಗ್ತಿತ್ತು."

"ಯಾಕೆ ಬಿಡ್ತಿದ್ರು ಆ ಗೆರೆ?"

ಅವಳು ಅಳುತ್ತಲೇ ನಕ್ಕಳು. "ಪ್ಲಾಸ್ಟಿಕ್ ಬೊಂಬೆ ಬಂದ್ವಲ್ಲ ಮೇಡಂ, ಆಗಿಂದ. ಮರ ಅಂತ ಗೊತ್ತಾಗ್ಲಿ ಅಂತ ಬಿಡ್ತೀನಿ ಅನ್ನೋರು. ಜ್ವರ ಬಂದ ದಿನಾನೂ ಅದಕ್ಕೇ ಜಗಳ ಆಗಿತ್ತು. ಅರ್ಧ ಮಾಲಿಗೆ ಬಣ್ಣ ಹಾಕಿ, ಇನ್ನರ್ಧ ನಾಳೆ ಹಾಕ್ತೀನಿ ಅಂತ ಮಲಗಿದೋರು. ಆ ಬಿಳಿ ಭರಣಿ ಎಲ್ಲ ಇನ್ನೂ ಹಾಗೇ ಬುಟ್ಟೀಲಿ ಬಿದ್ದಿದಾವೆ."

ಆ ಮನುಷ್ಯ ತನ್ನ ಕೈಯಾರೆ ಎಸೆದದ್ದನ್ನು ನನ್ನ ಕಪಾಟಿನಲ್ಲಿ ಮತ್ತೆ ಕಂಡು, ಒಂದೊಂದೇ ಚಿಟಿಕೆ ಮರಳು ತುಂಬಿ ಜೇಬಿಗೆ ಹಾಕಿಕೊಂಡಿದ್ದರು. ಅದನ್ನು ನಾನು ವಾಪಸ್ ಇಡಿಸಿದ್ದೆ. ಅವರು ಅದನ್ನು ಇಟ್ಟದ್ದು ಬಲಗಡೆಗೆ, ಫಸ್ಟ್ ಮಾಲಿನ ಜೊತೆ. ಅವರು ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋಗಿದ್ದರು.

ವಸ್ತು ಹೊರಗೆ ಹೋಗಬಾರದು ಎಂಬ ನಿಯಮಕ್ಕೆ ಕಾರಣವಿದೆ. ಒಬ್ಬರು ಒಯ್ದರೆ ಇನ್ನೊಬ್ಬರಿಗೆ ಅದು ಸಿಗುವುದಿಲ್ಲ. ಇದನ್ನು ನಾನು ಈಗಲೂ ಒಪ್ಪುತ್ತೇನೆ, ಈಗಲೂ ಪಾಲಿಸುತ್ತೇನೆ. ಆದರೆ ಆ ದಿನ ಬೆಂಗಳೂರಿಗೆ ಫೋನು ಮಾಡಿ ಅಪ್ಪಣೆ ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ಭರಣಿಯನ್ನು ಬ್ಯಾಗಿಗೆ ಹಾಕಿಕೊಂಡು, ಆ ಹುಡುಗಿಯ ಜೊತೆ ಅವರ ಶೆಡ್ಡಿಗೆ ನಡೆದೆ. ಆಯಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಶೆಡ್ಡು ಕಿರಿದಾದ ಒಂದು ಓಣಿಯ ಕೊನೆಯಲ್ಲಿತ್ತು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಲೇತು ಓಡುವ ಸದ್ದು, ಅರಗಿನ ವಾಸನೆ. ಇವರ ಶೆಡ್ಡಿನಲ್ಲಿ ಮಾತ್ರ ಲೇತಿನ ಮೇಲೆ ಹಳೆಯ ಲುಂಗಿ ಹೊದಿಸಿತ್ತು. ನೆಲದ ಮೇಲೆ ಸುಣ್ಣದಲ್ಲಿ ಬೇಕರಿಯ ಒಲೆಗೆ ಗುರುತು ಹಾಕಿತ್ತು. ಸಾಹೇಬರು ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು, ಪಕ್ಕದಲ್ಲೇ ಬಿಳಿ ಭರಣಿಗಳ ಬುಟ್ಟಿ. ನನ್ನನ್ನು ಕಂಡು ಎದ್ದು ನಿಂತರು. ದಾರಿಯುದ್ದಕ್ಕೂ ನಾನು ದೊಡ್ಡ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು, ಭರಣಿಯನ್ನು ತೆಗೆದು ಲೇತಿನ ಮೇಲೆ, ಆ ಲುಂಗಿಯ ಮೇಲೆ ಇಟ್ಟೆ.

"ಇದು ನಿಮ್ಮದು ಸಾಹೇಬ್ರೇ. ಮರಳು ಹಾಗೇ ಇದೆ, ಚೆಲ್ಲಿಲ್ಲ" ಎಂದೆ. "ನನ್ನ ಕಪಾಟಿನಲ್ಲಿ ಒಂದು ಭರಣಿ ಕಮ್ಮಿ ಬೀಳ್ತದೆ. ಬರೋ ಜನಕ್ಕೆ ಬೇಕಾಗ್ತದೆ. ಅದನ್ನ ನೀವೇ ನೋಡಿ."

ಇಷ್ಟು ಹೇಳಿ ಹಿಂತಿರುಗಿದೆ. ಓಣಿ ದಾಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಆ ದಿನ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಸರಿ ಎಂದು ಗೊತ್ತಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ಮಂಗಳವಾರ ಬಂತು. ಕೆಳಗೆ ಗಿರಣಿಯವರು "ಮೋಟ್ರು ಆರಿಸ್ರಪ್ಪೋ" ಎಂದರು. ಅದರ ಹಿಂದೆಯೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಸಾಹೇಬರು ಒಬ್ಬರೇ ಬಂದಿದ್ದರು. ಉಪವಾಸದಿಂದ ಮುಖ ಬಾಡಿತ್ತು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿದ್ದರು. ಕಪಾಟಿನ ಕಡೆ ಹೋಗಲಿಲ್ಲ. ಸೀದಾ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಜೇಬಿನಿಂದ ಉರ್ದು ಪೇಪರಿನಲ್ಲಿ ಸುತ್ತಿದ್ದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಕೆಂಪು ಭರಣಿ. ಬುಟ್ಟಿಯಲ್ಲಿ ಬಿಳಿಯಾಗಿ ಉಳಿದಿದ್ದ ಮಾಲಿನಲ್ಲಿ ಒಂದು. ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅರಗು ಅಲ್ಲಲ್ಲಿ ಗಂಟಾಗಿತ್ತು. ಅಷ್ಟು ವರ್ಷದಲ್ಲಿ ಬಣ್ಣ ಹಾಕುವ ಕೆಲಸವನ್ನು ಅವರು ಕಲಿತೇ ಇರಲಿಲ್ಲವೆಂದು, ಬಿಸಿ ಅರಗಿಗೆ ಬೆರಳು ಸುಟ್ಟುಕೊಂಡರೆಂದು, ಎರಡು ದಿನದಿಂದ ಲೇತು ನಿಂತಿಲ್ಲವೆಂದು, ಸುಣ್ಣದ ಗುರುತನ್ನು ದೊಡ್ಡಪ್ಪನ ಮಕ್ಕಳೇ ತೊಳೆದರೆಂದು ಮಗಳು ನನಗೆ ಆಮೇಲೆ ಹೇಳಿದಳು.

ಅವರು ಎರಡೂ ಅಂಗೈಯಿಂದ ಮರಳನ್ನು ಸರಿಸಿದರು. ತಳದ ನೀಲಿ ಕಾಣಿಸಿತು. ಇನ್ನಷ್ಟು ಸರಿಸಿ, ದುಂಡಗೆ ಒಂದು ಕೆರೆ ಮಾಡಿ, ಭರಣಿಯನ್ನು ಅದರ ದಡದಲ್ಲಿ ಇಟ್ಟರು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಡುವೆ. ಆಮೇಲೆ ಅದನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. ಬುಡದ ಹತ್ತಿರ, ಅಂಕುಡೊಂಕಾಗಿ, ಒಂದು ಬಿಳಿಯ ಗೆರೆ ಬಿಟ್ಟಿದ್ದರು.

ಅದನ್ನೇ ನೋಡುತ್ತಿದ್ದೆ. ಪಕ್ಕದಿಂದ, ಎಷ್ಟೋ ದಿನದಿಂದ ತೆರೆಯದ ಬಾಗಿಲಿನಂಥ ಒಂದು ದನಿ ಕೇಳಿತು.

"ಮರ ಅಂತ ಗೊತ್ತಾಗ್ಲಿ ಅಂತ ಬಿಟ್ಟಿದೀನಿ, ಮೇಡಂ."

ಹೀಗೆ ಯಾರಾದರೂ ಮಾತಾಡಿದಾಗ ಉತ್ತರ ಕೊಡಬೇಡ, ಸುಮ್ಮನೆ ಕೂರು ಎಂದು ನನಗೆ ಕಲಿಸಿದ್ದರು.

"ಗೊತ್ತಾಗ್ತದೆ ಸಾಹೇಬ್ರೇ" ಅಂದೆ.